ಸ್ಟೆಫಾನ್ ಝ್ವೈಗ್ ಬಗ್ಗೆ ಒಂದು ಗಂಟೆ ಮಾತಾಡಬೇಕು: ಯಾವ ಪುಸ್ತಕ, ಯಾವ ಕ್ರಮ, ಅನುವಾದಕ್ಕೆ ಅನುಮತಿ ಬೇಕಾ?

ವಿದ್ಯಾನಗರ_ಓದುಗ (ದಾವಣಗೆರೆ):

ಎಲ್ಲರಿಗೂ ನಮಸ್ಕಾರ. ದಾವಣಗೆರೆಯ ನಮ್ಮ ಓದುಗರ ಬಳಗದಲ್ಲಿ ತಿಂಗಳಿಗೊಬ್ಬ ಹೊರದೇಶದ ಲೇಖಕರ ಬಗ್ಗೆ ಚರ್ಚೆ ಇರುತ್ತದೆ. ಮುಂದಿನ ಸರದಿ ಆಸ್ಟ್ರಿಯಾದ ಸ್ಟೆಫಾನ್ ಝ್ವೈಗ್. ಮಾತಾಡುವ ಹೊಣೆ ನನ್ನದು, ಅವಧಿ ಒಂದು ಗಂಟೆ. ಕರಪತ್ರದಲ್ಲಿ ‘ಆಸ್ಟ್ರಿಯಾದ ಮಹಾನ್ ಕಾದಂಬರಿಕಾರ’ ಅಂತ ಆಗಲೇ ಅಚ್ಚಾಗಿದೆ. ಬರುವವರು ಮೂವತ್ತು–ನಲವತ್ತು ಜನ, ಅರ್ಧದಷ್ಟು ಡಿಗ್ರಿ ಮತ್ತು ಬಿ.ಎಡ್. ವಿದ್ಯಾರ್ಥಿಗಳು.

ಮೂರು ಪ್ರಶ್ನೆ. ನಾಲ್ಕು ವಾರದಲ್ಲಿ ಓದಿ ಮುಗಿಸಲೇಬೇಕಾದವು ಯಾವುವು? ಜೀವನವನ್ನು ಹೇಗೆ ಹೇಳಿದರೆ ಬರೀ ಇಸವಿಗಳ ಪಟ್ಟಿ ಆಗುವುದಿಲ್ಲ? ಮೂರನೆಯದು: ಒಂದು ಕತೆಯನ್ನು ಕನ್ನಡಕ್ಕೆ ತಂದು 300 ಪ್ರತಿ ಪುಸ್ತಿಕೆ ಮಾಡಿಸೋಣ ಅಂತ ಬಳಗದವರು ಹೇಳುತ್ತಿದ್ದಾರೆ. ಸತ್ತು ಎಂಬತ್ತು ವರ್ಷ ದಾಟಿದ ಲೇಖಕ ಅಲ್ವಾ, ಯಾರನ್ನೂ ಕೇಳಬೇಕಿಲ್ಲ ಅಂದುಕೊಳ್ಳಬಹುದಾ?

ಚಂದ್ರವಳ್ಳಿ (ಚಿತ್ರದುರ್ಗ):

ಮೊದಲು ಆ ಕರಪತ್ರದ ಮಾತು ಮುಗಿಸೋಣ ಸರ್. ಝ್ವೈಗ್ ಬದುಕಿದ್ದಾಗ ಬರೆದು ಮುಗಿಸಿ ಅಚ್ಚಿಗೆ ಕೊಟ್ಟ ಪೂರ್ಣ ಕಾದಂಬರಿ ಒಂದೇ. 1939ರಲ್ಲಿ ಬಂದದ್ದು, ಇಂಗ್ಲಿಷಿನಲ್ಲಿ ‘ಬಿವೇರ್ ಆಫ್ ಪಿಟಿ’. ಇನ್ನೊಂದು, ‘ದಿ ಪೋಸ್ಟ್ ಆಫೀಸ್ ಗರ್ಲ್’, ಅವನ ಕಾಗದಪತ್ರಗಳಲ್ಲಿ ಉಳಿದಿತ್ತು. ಅದನ್ನು ಸಂಪಾದಿಸಿ ಜರ್ಮನ್‌ನಲ್ಲಿ ಹೊರತಂದದ್ದು 1982ರಲ್ಲಿ, ಅವನು ಸತ್ತು ನಲವತ್ತು ವರ್ಷದ ಮೇಲೆ. ‘ಕ್ಲಾರಿಸ್ಸಾ’ ಅನ್ನುವುದು ಅರ್ಧಕ್ಕೆ ನಿಂತ ತುಣುಕು, 1990ರಲ್ಲಿ ಪ್ರಕಟ. ಕಾದಂಬರಿಕಾರ ಅಂತ ಶುರು ಮಾಡಿದರೆ ಹತ್ತು ನಿಮಿಷಕ್ಕೆ ಸರಕು ಖಾಲಿ. ಅವನ ನಿಜವಾದ ಅಳತೆ ನೀಳ್ಗತೆ, ಅಂದರೆ ನಲವತ್ತರಿಂದ ನೂರು ಪುಟ. ಅದರ ಜೊತೆಗೆ ಜೀವನಚರಿತ್ರೆ.

ಈ ಅಳತೆ ಆಕಸ್ಮಿಕ ಅಲ್ಲ, ಅವನ ಕೆಲಸದ ರೀತಿಯೇ ಹಾಗೆ. ಆತ್ಮಕಥನ ‘ದಿ ವರ್ಲ್ಡ್ ಆಫ್ ಯೆಸ್ಟರ್‌ಡೇ’ಯಲ್ಲಿ ಸ್ಪಷ್ಟವಾಗಿ ಹೇಳಿದ್ದಾನೆ: ಮೊದಲ ಕರಡು ಸರಾಗವಾಗಿ ಬರುತ್ತದೆ, ನಿಜವಾದ ಕೆಲಸ ಆಮೇಲೆ ಕತ್ತರಿಸುವುದು. ಸಾವಿರ ಪುಟ ಬರೆದರೆ ಎಂಟುನೂರು ಕಸದ ಬುಟ್ಟಿಗೆ ಹೋಗಿ ಇನ್ನೂರು ಉಳಿದರೂ ಅವನಿಗೆ ಬೇಸರವಿಲ್ಲ. ಓದುಗನಾಗಿಯೂ ಅಷ್ಟೇ, ಎಳೆದ ಭಾಗ ಕಂಡರೆ ಸಿಡಿಮಿಡಿ. ನಿಮ್ಮ ಉಪನ್ಯಾಸಕ್ಕೆ ಇದೇ ಕೀಲಿಕೈ ಅಂತ ನನ್ನ ಅಭಿಪ್ರಾಯ. ವೇಗ ಎಲ್ಲಿಂದ ಬರುತ್ತದೆ ಅಂತ ತೋರಿಸಿದರೆ ಅರ್ಧ ಝ್ವೈಗ್ ಹೇಳಿದಂತೆ.

ಓದಿಗೆ ಬರೋಣ. ಮೊದಲ ವಾರ ‘ದಿ ಇನ್ವಿಸಿಬಲ್ ಕಲೆಕ್ಷನ್’ (1925). ಒಂದೇ ಕೂತಲ್ಲಿ ಮುಗಿಯುತ್ತದೆ. ಮೊದಲ ಮಹಾಯುದ್ಧದ ನಂತರ ಜರ್ಮನಿಯ ಹಣದುಬ್ಬರದ ಕಾಲ. ಒಬ್ಬ ಕುರುಡ ಮುದುಕ ಜೀವಮಾನವಿಡೀ ಕೂಡಿಟ್ಟ ರೆಂಬ್ರಾಂಟ್, ಡ್ಯೂರರ್ ಮುದ್ರಣಚಿತ್ರಗಳನ್ನು ಮನೆಯವರು ಹೊಟ್ಟೆಪಾಡಿಗೆ ಮಾರಿ, ಜಾಗದಲ್ಲಿ ಖಾಲಿ ಹಾಳೆ ಇಟ್ಟಿದ್ದಾರೆ. ಅವನು ಅವನ್ನೇ ಬೆರಳಿನಿಂದ ಸವರಿ, ಬಂದ ವ್ಯಾಪಾರಿಗೆ ಒಂದೊಂದಾಗಿ ವರ್ಣಿಸುತ್ತಾನೆ. ಅದರ ಜೊತೆಗೆ ‘ಲೆಟರ್ ಫ್ರಮ್ ಆ್ಯನ್ ಅನ್‌ನೋನ್ ವುಮನ್’ (1922). ಎರಡನೇ ವಾರ ‘ಅಮೋಕ್’ (1922) ಮತ್ತು ‘ಚೆಸ್ ಸ್ಟೋರಿ’. ‘ಅಮೋಕ್’ನ ನಿರೂಪಕ ಹಡಗು ಹತ್ತುವುದು ಕಲ್ಕತ್ತೆಯಲ್ಲಿ, ಇದನ್ನು ಹೇಳಿದರೆ ಸಭೆ ಕಿವಿ ನೆಟ್ಟಗೆ ಮಾಡುತ್ತದೆ. ಮೂರನೇ ವಾರ ಪೂರ್ತಿ ‘ಬಿವೇರ್ ಆಫ್ ಪಿಟಿ’ಗೆ ಇಡಿ. ನಾಲ್ಕನೇ ವಾರ ಆತ್ಮಕಥನ. ಸಮಯ ಸಾಲದಿದ್ದರೆ ಅದರಲ್ಲಿ ಮೊದಲ ಎರಡು ಮತ್ತು ಕೊನೆಯ ಎರಡು ಅಧ್ಯಾಯ ಸಾಕು.

ಕೊಳ್ಳುವಾಗ ಒಂದು ಎಚ್ಚರಿಕೆ. ಒಂದೇ ಪುಸ್ತಕ ಎರಡು ಮೂರು ಹೆಸರಲ್ಲಿ ಸಿಗುತ್ತದೆ. ‘ಚೆಸ್ ಸ್ಟೋರಿ’, ‘ಚೆಸ್’, ‘ದಿ ರಾಯಲ್ ಗೇಮ್’ ಮೂರೂ ಒಂದೇ. ‘ಬಿವೇರ್ ಆಫ್ ಪಿಟಿ’ಯ ಹೊಸ ಅನುವಾದವೊಂದು ‘ಇಂಪೇಷನ್ಸ್ ಆಫ್ ದಿ ಹಾರ್ಟ್’ ಅಂತ ಬಂದಿದೆ. ಮೂಲ ಜರ್ಮನ್ ಹೆಸರು ‘ಶಾಖ್‌ನೋವೆಲ್ಲೆ’, ‘ಉನ್‌ಗೆಡುಲ್ಡ್ ಡೆಸ್ ಹೆರ್ತ್ಸೆನ್ಸ್’ ಅಂತ ಬರೆದಿಟ್ಟುಕೊಂಡು, ಆರ್ಡರ್ ಮಾಡುವ ಮುಂಚೆ ಪುಸ್ತಕದ ಹಕ್ಕುಪುಟದಲ್ಲಿ ನೋಡಿ. ಇನ್ನೊಂದು: ಆರ್ನಾಲ್ಡ್ ಝ್ವೈಗ್ ಅನ್ನುವ ಜರ್ಮನ್ ಕಾದಂಬರಿಕಾರ ಬೇರೆ, ನೆಂಟನೂ ಅಲ್ಲ. ಅಂತರ್ಜಾಲದಲ್ಲಿ ಇಬ್ಬರ ಫೋಟೋ ಅದಲುಬದಲಾಗಿರುವುದುಂಟು. ಪಿಪಿಟಿಗೆ ಹಾಕುವ ಮುಂಚೆ ಪರೀಕ್ಷಿಸಿ.

ಜೀವನಚರಿತ್ರೆಗಳಲ್ಲಿ ‘ಜೋಸೆಫ್ ಫೂಶೆ’ (1929) ಅಥವಾ ‘ಮೇರಿ ಆಂಟೊನೆಟ್’ (1932), ಒಂದು ಸಾಕು. ನಮ್ಮ ತ.ರಾ.ಸು. ಮದಕರಿ ನಾಯಕನ ಕೊನೆಗಾಲವನ್ನು ‘ದುರ್ಗಾಸ್ತಮಾನ’ದಲ್ಲಿ ಕಾದಂಬರಿಯಾಗಿಯೇ ಬರೆದರು, ಅಲ್ಲಿ ಮಾತುಕತೆ ಕಟ್ಟುವ ಸ್ವಾತಂತ್ರ್ಯ ಇತ್ತು. ಝ್ವೈಗ್ ಆ ದಾರಿ ಹಿಡಿಯಲಿಲ್ಲ. ಪತ್ರ, ದಾಖಲೆ ಇಟ್ಟುಕೊಂಡು ಪಾತ್ರದ ಮನಸ್ಸನ್ನು ಬಿಡಿಸುತ್ತಾ ಹೋಗುತ್ತಾನೆ. ಓಡುವುದು ಮಾತ್ರ ಕಾದಂಬರಿಯ ಓಟವೇ. ಇತಿಹಾಸಕಾರರಿಗೆ ಸಿಟ್ಟು ಬಂದದ್ದೂ, ಜನ ಮುಗಿಬಿದ್ದು ಕೊಂಡದ್ದೂ ಅದಕ್ಕೇ.

ಹರಿಹರ_ಹೊಳೆದಂಡೆ:

ಜೀವನವನ್ನು ವಿಳಾಸಗಳ ಮೂಲಕ ಹೇಳಿ, ಇಸವಿ ತಾವಾಗಿ ಸಾಲಿಗೆ ನಿಲ್ಲುತ್ತವೆ. ವಿಯೆನ್ನಾ, ಸಾಲ್ಸ್‌ಬರ್ಗ್, ಇಂಗ್ಲೆಂಡ್, ಬ್ರೆಜಿಲ್. ಪ್ರತಿ ವಿಳಾಸಕ್ಕೂ ಒಬ್ಬ ಪ್ರಕಾಶಕ ಇದ್ದಾನೆ. ಪ್ರಕಾಶಕ ಬದಲಾದ ಕಡೆಯಲ್ಲೆಲ್ಲ ರಾಜಕೀಯ ಕಾರಣ ಇದೆ.

ವಿಯೆನ್ನಾ: ಹುಟ್ಟಿದ್ದು 28 ನವೆಂಬರ್ 1881. ಅಪ್ಪ ಮೊರಿಟ್ಸ್, ಉತ್ತರ ಬೊಹೀಮಿಯಾದಲ್ಲಿ ನೇಯ್ಗೆ ಮಿಲ್ ಇಟ್ಟವನು. ತಾಯಿ ಇಡಾ ಬ್ರೆಟ್ಟಾವರ್, ಬ್ಯಾಂಕಿಂಗ್ ಮನೆತನ. ಅಣ್ಣ ಆಲ್ಫ್ರೆಡ್ ಮಿಲ್ ನೋಡಿಕೊಂಡ, ತಮ್ಮ ಬರೆದ. ಹತ್ತಿ ಮಿಲ್‌ಗಳ ಊರಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ಮನೆಗೆ ಬರುವ ಪಾಲಿನಿಂದ ಹೊಟ್ಟೆಪಾಡಿನ ಚಿಂತೆ ಇರಲಿಲ್ಲ, ಸಂಪಾದಕರಿಗೆ ಕೈಚಾಚದೆ ಇಪ್ಪತ್ತು ವರ್ಷ ಕಲಿಯಲು ಬಿಡುವು ಸಿಕ್ಕಿತು. 1901ರಲ್ಲಿ ಮೊದಲ ಕವನ ಸಂಕಲನ, 1904ರಲ್ಲಿ ಫ್ರೆಂಚ್ ಚಿಂತಕ ಇಪ್ಪೊಲಿಟ್ ಟೇನ್ ಬಗ್ಗೆ ಪ್ರಬಂಧ ಬರೆದು ವಿಯೆನ್ನಾ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್. ‘ನೊಯೆ ಫ್ರೈಯೆ ಪ್ರೆಸ್ಸೆ’ ಪತ್ರಿಕೆಯಲ್ಲಿ ಅವನ ಬರಹವನ್ನು ಮೊದಲು ಒಪ್ಪಿಕೊಂಡ ಸಂಪಾದಕ ಥಿಯೊಡೋರ್ ಹೆರ್ಟ್ಸ್‌ಲ್, ಯಹೂದಿ ರಾಷ್ಟ್ರವಾದದ ಸ್ಥಾಪಕ. ಝ್ವೈಗ್ ಮಾತ್ರ ಆ ಚಳವಳಿಗೆ ಸೇರಲಿಲ್ಲ. ಮುಂದೆ ಲೈಪ್‌ಜಿಗ್‌ನ ಇನ್ಸೆಲ್ ಪ್ರಕಾಶನ ಅವನದಾಯಿತು, 1933ರ ತನಕ ಅದೇ ಮನೆ.

ಇಲ್ಲಿ ಎಡವುವ ಜಾಗ ಒಂದಿದೆ. ‘1914ರಿಂದಲೇ ಯುದ್ಧವಿರೋಧಿ’ ಅಂತ ಹೇಳಬೇಡಿ. ಆತ್ಮಕಥನದಲ್ಲಿ ಹಾಗೆ ಅನ್ನಿಸುವಂತೆ ಬರೆದಿದ್ದಾನೆ, ಆದರೆ ಯುದ್ಧದ ಮೊದಲ ತಿಂಗಳುಗಳ ಅವನ ದಿನಚರಿ, ಪತ್ರಗಳಲ್ಲಿ ದೇಶಾಭಿಮಾನದ ಬಿಸಿ ಸಾಕಷ್ಟಿದೆ. ವಿಯೆನ್ನಾದ ಯುದ್ಧ ದಾಖಲೆಗಳ ಕಚೇರಿಯಲ್ಲಿ ಕೆಲಸ ಮಾಡಿದ. ಯುದ್ಧ ವಿರೋಧಿಸಿದ ಫ್ರೆಂಚ್ ಲೇಖಕ ರೊಮೇನ್ ರೋಲಾಂ ಜೊತೆಗಿನ ಪತ್ರವ್ಯವಹಾರ ಅವನನ್ನು ತಿದ್ದಿತು. 1917ರ ‘ಜೆರೆಮಿಯಾಸ್’ ನಾಟಕದ ಹೊತ್ತಿಗೆ ಮಾತ್ರ ನಿಲುವು ಗಟ್ಟಿಯಾಗಿತ್ತು.

ಸಾಲ್ಸ್‌ಬರ್ಗ್: ಕಪುತ್ಸಿನರ್‌ಬರ್ಗ್ ಗುಡ್ಡದ ಮೇಲಿನ ಹಳೇ ಬಂಗಲೆ. 1919ರಿಂದ ವಾಸ, 1920ರಲ್ಲಿ ಫ್ರಿಡೆರಿಕೆಯೊಂದಿಗೆ ಮದುವೆ. ನೀವು ಓದಲಿರುವ ನೀಳ್ಗತೆಗಳಲ್ಲಿ ಬಹುಪಾಲು ಈ ಹದಿನೈದು ವರ್ಷದ ಬೆಳೆ. ‘ಡಿಸೈಸಿವ್ ಮೊಮೆಂಟ್ಸ್’ ಅಂತ ಸಿಗುವ ಇತಿಹಾಸದ ಕಿರುಚಿತ್ರಗಳು 1927ರಲ್ಲಿ ಬಂದಾಗ ಐದೇ ಇದ್ದವು, ಈಗಿನ ಆವೃತ್ತಿಗಳಲ್ಲಿ ಹದಿನಾಲ್ಕು. ದೊಡ್ಡವರ ಹಸ್ತಪ್ರತಿ ಸಂಗ್ರಹಿಸುವ ಹುಚ್ಚೂ ಇದೇ ಮನೆಯಲ್ಲಿ ಬೆಳೆಯಿತು. ಮೊಜಾರ್ಟ್ ತನ್ನ ಕೃತಿಗಳಿಗೆ ತಾನೇ ಬರೆದಿಟ್ಟ ಪಟ್ಟಿ, ಬೀಥೋವನ್‌ನ ಮೇಜು ಅವನ ಬಳಿ ಇದ್ದವು. ಸಂಗ್ರಹದ ಮುಖ್ಯ ಭಾಗವನ್ನು ವಾರಸುದಾರರು 1986ರಲ್ಲಿ ಬ್ರಿಟಿಷ್ ಲೈಬ್ರರಿಗೆ ಕೊಟ್ಟರು. ‘ಇನ್ವಿಸಿಬಲ್ ಕಲೆಕ್ಷನ್’ ಬರೆದವನು ಸ್ವತಃ ಸಂಗ್ರಾಹಕ ಅನ್ನುವುದು ಗೊತ್ತಿದ್ದರೆ ಆ ಕತೆಯ ಓದೇ ಬೇರೆ.

ಇಂಗ್ಲೆಂಡ್: ಮೇ 1933ರಲ್ಲಿ ಜರ್ಮನಿಯಲ್ಲಿ ಸುಟ್ಟ ಪುಸ್ತಕಗಳಲ್ಲಿ ಅವನವೂ ಇದ್ದವು. ಫೆಬ್ರವರಿ 1934ರಲ್ಲಿ ಸಾಲ್ಸ್‌ಬರ್ಗ್ ಮನೆಗೆ ಪೊಲೀಸರು ಆಯುಧ ಹುಡುಕುವ ನೆಪದಲ್ಲಿ ಬಂದರು. ಕೆಲವೇ ದಿನಗಳಲ್ಲಿ ಲಂಡನ್‌ಗೆ ಹೊರಟ. ಗಮನಿಸಿ, ಇದು ಹಿಟ್ಲರ್ ಆಸ್ಟ್ರಿಯಾ ನುಂಗುವುದಕ್ಕೆ ನಾಲ್ಕು ವರ್ಷ ಮೊದಲು. ‘1938ರಲ್ಲಿ ಓಡಿಹೋದ’ ಅಂತ ಬಹಳ ಕಡೆ ತಪ್ಪಾಗಿ ಬರೆದಿರುತ್ತಾರೆ. ಇನ್ಸೆಲ್ ಕೈಬಿಟ್ಟಿತು, ವಿಯೆನ್ನಾದ ಹೆರ್ಬರ್ಟ್ ರೈಷ್ನರ್ ಪ್ರಕಟಿಸತೊಡಗಿದ. 1938ರಲ್ಲಿ ಅದೂ ಮುಗಿಯಿತು, ಮುಂದೆ ಸ್ಟಾಕ್‌ಹೋಮ್‌ನಿಂದ ಬೆರ್ಮನ್-ಫಿಷರ್. 1935ರ ಪ್ರಸಂಗವೊಂದನ್ನು ಬಿಡಬೇಡಿ: ಜರ್ಮನ್ ಸಂಗೀತಕಾರ ರಿಷಾರ್ಡ್ ಸ್ಟ್ರಾಸ್‌ನ ಒಪೆರಾ ‘ದಿ ಸೈಲೆಂಟ್ ವುಮನ್’ಗೆ ಸಾಹಿತ್ಯ ಝ್ವೈಗ್‌ದು. ಡ್ರೆಸ್ಡನ್‌ನಲ್ಲಿ ಜೂನ್ 24ರಂದು ಮೊದಲ ಪ್ರದರ್ಶನ. ಯಹೂದಿ ಲೇಖಕನ ಹೆಸರು ಪೋಸ್ಟರ್‌ನಲ್ಲಿ ಇರಲೇಬೇಕು ಅಂತ ಸ್ಟ್ರಾಸ್ ಹಠ ಹಿಡಿದ. ನಾಲ್ಕೇ ಪ್ರದರ್ಶನಕ್ಕೆ ನಿಂತುಹೋಯಿತು. ಸ್ಟ್ರಾಸ್ ಅವನಿಗೆ ಬರೆದ ಪತ್ರವೊಂದು ನಾತ್ಸಿಗಳ ಗುಪ್ತ ಪೊಲೀಸ್ ಗೆಸ್ಟಾಪೊ ಕೈಗೆ ಸಿಕ್ಕಿ, ಸ್ಟ್ರಾಸ್ ಸರ್ಕಾರಿ ಸಂಗೀತ ಮಂಡಳಿಯ ಅಧ್ಯಕ್ಷಗಿರಿ ಬಿಡಬೇಕಾಯಿತು.

1938ರಲ್ಲಿ ಆಸ್ಟ್ರಿಯಾ ಇಲ್ಲವಾದಾಗ ಅವನ ಪಾಸ್‌ಪೋರ್ಟ್ ಬರೀ ಕಾಗದವಾಯಿತು. ದೇಶವಿಲ್ಲದವರಿಗೆ ಕೊಡುವ ಗುರುತುಪತ್ರಕ್ಕೆ ಕೈಕಟ್ಟಿ ನಿಲ್ಲಬೇಕಾಯಿತು. ಆತ್ಮಕಥನದ ಈ ಪುಟಗಳನ್ನು ಸಭೆಯಲ್ಲಿ ಓದಿ, ಪಡಿತರ ಚೀಟಿಗೆ ಅಲೆದವರಿಗೂ ತಟ್ಟುತ್ತದೆ. ಮೊದಲ ಮದುವೆ ಮುರಿದದ್ದು ಅದೇ ವರ್ಷ. ಕಾರ್ಯದರ್ಶಿ ಲೊಟ್ಟೆ ಆಲ್ಟ್‌ಮನ್ ಜೊತೆ ಮದುವೆ ಸೆಪ್ಟೆಂಬರ್ 1939, ಬಾತ್ ಊರಿನಲ್ಲಿ. ಬ್ರಿಟಿಷ್ ಪೌರತ್ವ ಸಿಕ್ಕಿದ್ದು 1940ರಲ್ಲಿ. ಇಷ್ಟೆಲ್ಲ ನಡೆದರೂ ಆತ್ಮಕಥನದಲ್ಲಿ ಇಬ್ಬರು ಹೆಂಡತಿಯರ ಹೆಸರೂ ಇಲ್ಲ. ಹಾಗಾಗಿ ಮನೆಯೊಳಗಿನ ಸಂಗತಿಗಳಿಗೆ ಆ ಪುಸ್ತಕವನ್ನೇ ನಂಬಿ ಕೂತರೆ ಏನೂ ಸಿಗುವುದಿಲ್ಲ.

ಬ್ರೆಜಿಲ್: 1940ರಲ್ಲಿ ನ್ಯೂಯಾರ್ಕ್, 1941ರ ಬೇಸಿಗೆಯಲ್ಲಿ ಅಲ್ಲೇ ಹತ್ತಿರದ ಆಸಿನಿಂಗ್‌ನಲ್ಲಿ ಆತ್ಮಕಥನದ ಕರಡು. ಕೈಯಲ್ಲಿ ಪುಸ್ತಕವಿಲ್ಲ, ಟಿಪ್ಪಣಿ ಇಲ್ಲ, ನೆನಪಿನಿಂದಲೇ ಬರೆದದ್ದು. ಆಮೇಲೆ ರಿಯೊ ಬಳಿಯ ಗುಡ್ಡದ ಊರು ಪೆಟ್ರೊಪೊಲಿಸ್. ‘ಚೆಸ್ ಸ್ಟೋರಿ’ ಪೂರ್ತಿಯಾದದ್ದು ಅಲ್ಲಿ, ಹಸ್ತಪ್ರತಿಗಳನ್ನು ಪ್ರಕಾಶಕರಿಗೆ ಅಂಚೆಗೆ ಹಾಕಿದ್ದು 21 ಫೆಬ್ರವರಿ 1942. ಮಾರನೆಯ ರಾತ್ರಿ ದಂಪತಿ ತಾವಾಗಿಯೇ ಪ್ರಾಣ ಕಳೆದುಕೊಂಡರು. ಕೆಲವು ಕಡೆ 22, ಕೆಲವು ಕಡೆ 23 ಅಂತ ತಾರೀಖು ಬದಲಾಗುವುದು ಇದಕ್ಕೇ, ಶವ ಕಂಡದ್ದು 23ರಂದು. ಆ ಮನೆ ಈಗ ವಸ್ತುಸಂಗ್ರಹಾಲಯ.

ಪಿ_ಜೆ_ಬಡಾವಣೆ_ಪ್ರೂಫ್:

ಮೂರನೇ ಪ್ರಶ್ನೆಗೆ ನೇರ ಉತ್ತರ: ಅರ್ಧ ಹೌದು, ಅರ್ಧ ಅಲ್ಲ.

ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಲೇಖಕ ಸತ್ತ ವರ್ಷದ ಮುಂದಿನ ಜನವರಿಯಿಂದ 60 ವರ್ಷ ಎಣಿಸುತ್ತಾರೆ. ಝ್ವೈಗ್ ಸತ್ತದ್ದು 1942, ಹಾಗಾಗಿ ಬದುಕಿದ್ದಾಗ ಅಚ್ಚಾದ ಜರ್ಮನ್ ಮೂಲಗಳ ಹಕ್ಕು 31 ಡಿಸೆಂಬರ್ 2002ಕ್ಕೆ ಮುಗಿದಿದೆ. ಸತ್ತ ಮೇಲೆ ಮೊದಲ ಸಲ ಅಚ್ಚಾದವಕ್ಕೆ ಲೆಕ್ಕ ಬೇರೆ, ಪ್ರಕಟವಾದ ವರ್ಷದಿಂದ ಎಣಿಕೆ. ‘ಚೆಸ್ ಸ್ಟೋರಿ’ 1942ರ ಕೊನೆಗೆ ಬ್ಯುನಸ್ ಐರಿಸ್‌ನಲ್ಲಿ ಬಂದದ್ದರಿಂದ ಚಿಂತೆಯಿಲ್ಲ. ಆದರೆ 1982ರ ‘ಪೋಸ್ಟ್ ಆಫೀಸ್ ಗರ್ಲ್’ಗೆ ಪ್ರಕಾಶಕರನ್ನು ಕೇಳದೆ ಕೈ ಹಾಕಬೇಡಿ.

ಎಲ್ಲರೂ ಜಾರಿ ಬೀಳುವುದು ಮುಂದಿನ ಮೆಟ್ಟಿಲಲ್ಲಿ. ಇಂಗ್ಲಿಷ್ ಅನುವಾದಕ್ಕೆ ಪ್ರತ್ಯೇಕ ಹಕ್ಕು ಇರುತ್ತದೆ. ಆಂಥಿಯಾ ಬೆಲ್ ಅನುವಾದ ಇಟ್ಟುಕೊಂಡು ಕನ್ನಡ ಮಾಡಿದರೆ ನೀವು ಝ್ವೈಗ್‌ನ ಜೊತೆಗೆ ಬೆಲ್ ಅವರ ಕೃತಿಯನ್ನೂ ಅನುವಾದಿಸಿದಂತೆ. ಆಕೆ ತೀರಿಕೊಂಡದ್ದು 2018ರಲ್ಲಿ. ‘ಹಳೇ ಅನುವಾದ ಅಲ್ವಾ, ಪರವಾಗಿಲ್ಲ’ ಅನ್ನುವುದೂ ನಡೆಯುವುದಿಲ್ಲ. ಈಡನ್ ಪಾಲ್, ಸೀಡರ್ ಪಾಲ್ ದಂಪತಿ ಮಾಡಿದ ಅನುವಾದಗಳಿಗೆ ಇಬ್ಬರಲ್ಲಿ ಕೊನೆಗೆ ತೀರಿಕೊಂಡವರಿಂದ ಎಣಿಕೆ. ಸೀಡರ್ ಪಾಲ್ 1972ರಲ್ಲಿ ತೀರಿಕೊಂಡರು, ಅಂದರೆ 2032ರ ಕೊನೆಯ ತನಕ ಹಕ್ಕು ಜೀವಂತ. ಪ್ರತಿ ಕಡಿಮೆ, ಲಾಭವಿಲ್ಲ ಅನ್ನುವುದು ಇಲ್ಲಿ ಸಬೂಬಾಗುವುದಿಲ್ಲ.

ದಾರಿ ಎರಡು. ಜರ್ಮನ್ ಬಲ್ಲವರನ್ನು ಹಿಡಿದು ಮೂಲದಿಂದಲೇ ಮಾಡಿಸುವುದು. ಜರ್ಮನ್ ಪಠ್ಯ ‘ಪ್ರೊಜೆಕ್ಟ್ ಗುಟೆನ್‌ಬರ್ಗ್-ಡಿ’ ತಾಣದಲ್ಲಿ ಉಚಿತವಾಗಿದೆ, ಬೆಂಗಳೂರಿನ ಮ್ಯಾಕ್ಸ್ ಮ್ಯುಲರ್ ಭವನದಲ್ಲಿ ಕಲಿತವರು ನಮ್ಮ ಕಡೆಯೂ ಸಿಗುತ್ತಾರೆ. ಇಲ್ಲವಾದರೆ ಇಂಗ್ಲಿಷ್ ಪ್ರಕಾಶಕರಿಗೆ ಮಿಂಚಂಚೆ ಬರೆಯುವುದು: ಯಾವ ಕತೆ, ಯಾವ ಭಾಷೆ, ಎಷ್ಟು ಪ್ರತಿ, ಬೆಲೆ ಎಷ್ಟು, ಎಲ್ಲಿ ಹಂಚುತ್ತೀರಿ, ಇ-ಪುಸ್ತಕ ಮಾಡುತ್ತೀರೋ ಇಲ್ಲವೋ. ಈ ಆರೂ ಇರದ ಪತ್ರಕ್ಕೆ ಉತ್ತರ ಬರುವುದಿಲ್ಲ, ಬಂದರೆ ಅವೇ ಪ್ರಶ್ನೆ ಬರುತ್ತವೆ. ನಾಲ್ಕು ವಾರದಲ್ಲಿ ಇದು ಮುಗಿಯುವ ಕೆಲಸ ಅಲ್ಲ. ಉಪನ್ಯಾಸ ಮಾಡಿ, ಪುಸ್ತಿಕೆ ನಿಧಾನಕ್ಕೆ ಬರಲಿ.

ಕತೆ ಆರಿಸುವಾಗ ಫಾರಂ ಲೆಕ್ಕ ನೋಡಿ. ಡೆಮಿ 1/8 ಅಳತೆಯಲ್ಲಿ ಒಂದು ಫಾರಂಗೆ 16 ಪುಟ. ‘ಇನ್ವಿಸಿಬಲ್ ಕಲೆಕ್ಷನ್’ ಮುನ್ನುಡಿ ಸೇರಿ ಎರಡು ಫಾರಂಗೆ ಕೂರುತ್ತದೆ, ಮಧ್ಯೆ ಪಿನ್ ಹೊಡೆದರೆ ಸಾಕು. ‘ಅನ್‌ನೋನ್ ವುಮನ್’ಗೆ ನಾಲ್ಕು ಫಾರಂ ಬೇಕು. ಅಚ್ಚಿನ ಖರ್ಚು ಉಳಿಸಲು ಕತೆಯೊಳಗೆ ಕತೆ ಹೇಳುವ ಹೊರಚೌಕಟ್ಟನ್ನು ಕತ್ತರಿಸಬೇಡಿ. ರೈಲಿನಲ್ಲಿ ವ್ಯಾಪಾರಿ ಎದುರು ಕೂತು ಹೇಳುವುದು, ಹಡಗಿನ ಕತ್ತಲಲ್ಲಿ ವೈದ್ಯ ಹೇಳುವುದು, ಇದಿಲ್ಲದಿದ್ದರೆ ಉಳಿಯುವುದು ಬರೀ ಅತಿಭಾವುಕ ಕತೆ. ಕೇಳುತ್ತಿರುವ ಒಬ್ಬ ತಣ್ಣನೆಯ ಮನುಷ್ಯ ಇರುವುದರಿಂದಲೇ ಆ ಉದ್ವೇಗವನ್ನು ನಂಬಲು ಆಗುತ್ತದೆ.

ವಿದ್ಯಾನಗರ_ಓದುಗ:

ಎಲ್ಲರಿಗೂ ಶರಣು. ಫಾರಂ ಲೆಕ್ಕ ನೋಡಿದ ಮೇಲೆ ‘ಇನ್ವಿಸಿಬಲ್ ಕಲೆಕ್ಷನ್’ ಕಡೆಗೇ ಮನಸ್ಸು. ಇನ್ನೊಂದು ಕೇಳಬೇಕಿತ್ತು. ಝ್ವೈಗ್ ಭಾರತಕ್ಕೆ ಬಂದಿದ್ದ, ಗೀತೆಯ ಮೇಲೆ ಕತೆ ಬರೆದಿದ್ದಾನೆ ಅಂತ ಬಳಗದ ಹಿರಿಯರೊಬ್ಬರು ಹೇಳಿದರು. ಅದನ್ನೇ ಮುಖ್ಯ ಮಾಡಿಕೊಳ್ಳಲಾ?

ಹರಿಹರ_ಹೊಳೆದಂಡೆ:

ಹಿರಿಯರು ಹೇಳಿದ್ದು ಸರಿ. 1908–09ರಲ್ಲಿ ಬಂದಿದ್ದ. ಕಾಶಿ, ಗ್ವಾಲಿಯರ್ ಬಗ್ಗೆ ಪ್ರವಾಸ ಬರಹಗಳಿವೆ. ಆ ಕತೆ ‘ದಿ ಐಸ್ ಆಫ್ ದಿ ಇಟರ್ನಲ್ ಬ್ರದರ್’ (1922), ಮೊದಲ ಪುಟದಲ್ಲೇ ಗೀತೆಯ ಕರ್ಮ–ಅಕರ್ಮದ ಸಾಲುಗಳಿವೆ. ನಾಯಕ ವಿರಾಟ. ರಾತ್ರಿಯ ಯುದ್ಧದಲ್ಲಿ ಗೊತ್ತಿಲ್ಲದೆ ಅಣ್ಣನನ್ನೇ ಕೊಂದು ಕತ್ತಿ ಬಿಡುತ್ತಾನೆ. ನ್ಯಾಯಾಧೀಶನಾಗುತ್ತಾನೆ, ತಾನು ಕೊಡುವ ಶಿಕ್ಷೆ ಏನು ಅಂತ ತಿಳಿಯಲು ತಾನೇ ನೆಲಮಾಳಿಗೆಯ ಸೆರೆಯಲ್ಲಿ ಇರುತ್ತಾನೆ. ಗೃಹಸ್ಥನಾಗುತ್ತಾನೆ, ಕಾಡಿಗೆ ಹೋಗುತ್ತಾನೆ. ಅಲ್ಲೂ ತನ್ನ ನಿಷ್ಕ್ರಿಯತೆಯಿಂದ ಇನ್ನೊಬ್ಬರ ಮನೆ ಹಾಳಾದದ್ದು ಕಾಣುತ್ತದೆ. ಕೊನೆಗೆ ಅರಸನ ನಾಯಿಗಳನ್ನು ನೋಡಿಕೊಳ್ಳುವ ಕೆಲಸ ಹಿಡಿಯುತ್ತಾನೆ. ಕಾಯಕದ ಮಾತು ಕೇಳಿ ಬೆಳೆದ ನಮ್ಮ ಕಡೆಯ ಸಭೆಗೆ ಈ ಮುಗಿತಾಯ ಬಿಡಿಸಿ ಹೇಳಬೇಕಿಲ್ಲ. ನನ್ನ ಮತ ಇದಕ್ಕೇ.

ಚಂದ್ರವಳ್ಳಿ (ಚಿತ್ರದುರ್ಗ):

ನಾನು ಒಪ್ಪುವುದಿಲ್ಲ ಮಾರಾಯರೇ. ಕತೆ ಚೆನ್ನಾಗಿದೆ, ಐದು ನಿಮಿಷ ಕೊಡಿ, ಅಷ್ಟೇ. ಅದು ಭಾರತದ ಕತೆಯಲ್ಲ, ಯುದ್ಧ ಮುಗಿಸಿ ಕೂತ ಯುರೋಪಿನವನೊಬ್ಬ ‘ಅಧಿಕಾರದಲ್ಲಿ ಪಾಲು ಬೇಡ’ ಅನ್ನಲು ಹಾಕಿಕೊಂಡ ವೇಷ. ಭಾರತ ಕಂಡು ಅವನು ಮರುಳಾಗಿಯೂ ಇರಲಿಲ್ಲ. ಬಡಕಲು ದೇಹಗಳ ಬವಣೆ, ಜಾತಿ–ವರ್ಗದ ಗೋಡೆ ನೋಡಿ ದಿಗಿಲಾಯಿತು ಅಂತ ಆತ್ಮಕಥನದಲ್ಲಿ ಬರೆದಿದ್ದಾನೆ. ಅದನ್ನು ಮುಚ್ಚಿಟ್ಟು ‘ಗೀತೆಗೆ ಶರಣಾದ ಪಾಶ್ಚಾತ್ಯ’ ಅಂತ ಹೇಳಿದರೆ ಚಪ್ಪಾಳೆ ಬರುತ್ತದೆ, ಝ್ವೈಗ್ ಸಿಗುವುದಿಲ್ಲ.

ಆದರೆ ವಿರಾಟನನ್ನು ಬೇರೆ ಕಡೆ ಬಳಸಿ. ಝ್ವೈಗ್ ಮೇಲಿನ ದೊಡ್ಡ ಆಕ್ಷೇಪವೇ ರಾಜಕೀಯದಿಂದ ದೂರ ನಿಂತ ಅನ್ನುವುದು. ನಾತ್ಸಿಗಳ ವಿರುದ್ಧ ಖಂಡನೆ ಬರೆಯಿರಿ ಅಂದರೆ ಬರೆಯಲಿಲ್ಲ, ಬದಲಿಗೆ ಹದಿನಾರನೇ ಶತಮಾನದ ಮಾನವತಾವಾದಿ ಎರಾಸ್ಮಸ್ (1934), ಧರ್ಮಸುಧಾರಕ ಕ್ಯಾಲ್ವಿನ್‌ನನ್ನು ಎದುರಿಸಿದ ಕಾಸ್ಟೆಲಿಯೊ (1936) ಬಗ್ಗೆ ಬರೆದ. ಚಿಂತಕಿ ಹನ್ನಾ ಆರೆಂಟ್ 1943ರಲ್ಲಿ ಅವನ ಆತ್ಮಕಥನವನ್ನು ಇದೇ ಕಾರಣಕ್ಕೆ ಕಟುವಾಗಿ ಟೀಕಿಸಿದಳು. ಕಾಡಿನಲ್ಲಿ ಸುಮ್ಮನೆ ಕೂತರೂ ಹೊಣೆ ತಪ್ಪುವುದಿಲ್ಲ ಅಂತ 1922ರಲ್ಲೇ ಬರೆದವನು ಮುಂದೆ ತಾನೇ ಆ ಇಕ್ಕಟ್ಟಿಗೆ ಬಿದ್ದ. ಚರ್ಚೆಗೆ ಇದನ್ನು ಎಸೆಯಿರಿ, ಅರ್ಧ ಗಂಟೆ ನೀವು ಬಾಯಿ ಬಿಡಬೇಕಿಲ್ಲ.

ಕಾದಂಬರಿಗೂ ಇದು ಹೊಂದುತ್ತದೆ. ‘ಬಿವೇರ್ ಆಫ್ ಪಿಟಿ’ಯಲ್ಲಿ ಲೆಫ್ಟಿನೆಂಟ್ ಹೋಫ್‌ಮಿಲ್ಲರ್ ಕೆಟ್ಟವನಲ್ಲ. ಕಾಲಿಗೆ ಪಾರ್ಶ್ವವಾಯು ಬಡಿದು ನಡೆಯಲಾಗದ ಏಡಿತ್‌ಳನ್ನು ತಿಳಿಯದೆ ಕುಣಿತಕ್ಕೆ ಕರೆದು, ಆ ಮುಜುಗರ ಕಳೆದುಕೊಳ್ಳಲು ದಿನಾ ಆ ಮನೆಗೆ ಹೋಗುತ್ತಾನೆ. ಎದುರಿನವರ ನೋವು ನೋಡಲಾಗದೆ ಒಂದೊಂದೇ ಸಣ್ಣ ಸುಳ್ಳು ಹೇಳುತ್ತಾನೆ. ಪ್ರತಿ ಸುಳ್ಳೂ ಆ ಹೊತ್ತಿಗೆ ದಯೆಯಂತೆಯೇ ಕಾಣುತ್ತದೆ. ಸಾರಾಂಶ ಹೇಳುವಾಗ ಆ ಮೆಟ್ಟಿಲುಗಳನ್ನು ಹಾರಿಸಬೇಡಿ, ಹಾರಿಸಿದರೆ ಅವನು ಮೂರ್ಖನಂತೆ ಕಾಣುತ್ತಾನೆ. ಮೂರು ಸುಳ್ಳು ಆರಿಸಿ, ಒಂದರ ಕೆಳಗೊಂದು ಬೋರ್ಡ್ ಮೇಲೆ ಬರೆದು ತೋರಿಸಿ.

ಪಿ_ಜೆ_ಬಡಾವಣೆ_ಪ್ರೂಫ್:

ಸಮಯ ಹಂಚುವಾಗ ಕೊನೆಯ ದಿನಕ್ಕೆ ಎರಡು ನಿಮಿಷಕ್ಕಿಂತ ಹೆಚ್ಚು ಕೊಡಬೇಡಿ ಸರ್. ಎದುರಿಗೆ ವಿದ್ಯಾರ್ಥಿಗಳಿರುತ್ತಾರೆ. ವಿಧಾನ ಹೇಳುವುದು ಬೇಡ, ಫೋಟೋ ಬೇಡ, ‘ಘನತೆಯ ಸಾವು’ ಅನ್ನುವ ಮಾತಂತೂ ಬೇಡವೇ ಬೇಡ. ಯಾರಾದರೂ ಕೆದಕಿದರೆ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ-ಮಾನಸ್ 14416 ಸಂಖ್ಯೆ ಹೇಳಿ ಮುಂದಕ್ಕೆ ಹೋಗಿ. ಸಾವಿನಿಂದ ಹಿಂದಕ್ಕೆ ಬದುಕನ್ನು ಓದುವ ಚಟ ಝ್ವೈಗ್ ವಿಷಯದಲ್ಲಿ ವಿಪರೀತ. 1927ರ ಕತೆಯಲ್ಲೂ 1942 ಹುಡುಕುತ್ತಾರೆ.

ನನ್ನ ಲೆಕ್ಕ: ವಿಳಾಸಗಳಿಗೆ ಹದಿನೈದು, ‘ಇನ್ವಿಸಿಬಲ್ ಕಲೆಕ್ಷನ್’ ಓದಿ ವಿವರಿಸಲು ಹದಿನೈದು, ಕಾದಂಬರಿಗೆ ಹತ್ತು, ಉಳಿದದ್ದು ಪ್ರಶ್ನೆಗಳಿಗೆ. ‘ಇಷ್ಟೇನಾ ಕಾದಂಬರಿ?’ ಅಂತ ಯಾರಾದರೂ ಕರಪತ್ರ ಹಿಡಿದು ಕೇಳಿದರೆ ಯೋಸೆಫ್ ರೋಟ್ ಹೆಸರು ಹೇಳಿ. ಝ್ವೈಗ್‌ನ ಗೆಳೆಯ, ವರ್ಷಗಟ್ಟಲೆ ಅವನಿಂದ ಹಣ ಪಡೆದವನು, ‘ರಾಡೆಟ್ಸ್ಕಿ ಮಾರ್ಚ್’ (1932) ಬರೆದವನು. ಮುಂದಿನ ತಿಂಗಳಿಗೆ ವಿಷಯವೂ ಸಿಕ್ಕಂತಾಯಿತು. ಆ ಸಲದ ಕರಪತ್ರದ ಪ್ರೂಫ್ ಮಾತ್ರ ಅಚ್ಚಿಗೆ ಮೊದಲು ಇಲ್ಲಿ ಹಾಕಿ.